ಬದುಕಿದ್ದವಳ ಫೋಟೋಕ್ಕೆ ಹಾರ

ಮರಗದಂ ಅತ್ತೆಯ ಮಂಡಿಗಳು ಕಪ್ಪಗೆ, ಒರಟಾಗಿದ್ದವು. ನಲವತ್ತು ವರ್ಷ ಊರವರಿಗೋಸ್ಕರ ನೆಲಕ್ಕೂರಿದ ಮಂಡಿ, ಇನ್ನೇನಾದೀತು? ತಿರುನೆಲ್ವೇಲಿ ಸೀಮೆಯ ಆ ಕೆಂಪು ಮರಳಿನ ಊರಲ್ಲಿ ಹುಡುಗಿಗೆ ಗಂಡು ಗೊತ್ತಾಗಬೇಕೆಂದರೆ ಅತ್ತೆ ಪ್ರಾರ್ಥಿಸಬೇಕು, ಹಸು ಸುಸೂತ್ರವಾಗಿ ಕರು ಹಾಕಬೇಕೆಂದರೆ ಅತ್ತೆ, ಸೌದಿಯ ವೀಸಾ ಬರಬೇಕೆಂದರೂ ಅತ್ತೆಯೇ. ಪಾದ್ರಿಗಳು ಬರುತ್ತಿದ್ದರು, ವರ್ಗವಾಗಿ ಹೋಗುತ್ತಿದ್ದರು. ಊರಿಗೆಲ್ಲ ಅತ್ತೆಯಾದ ಅವಳು ಮಾತ್ರ ಅಲ್ಲೇ ಇದ್ದಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡ, ಮಕ್ಕಳಿಲ್ಲದ ಹೆಂಗಸಿಗೆ ಊರಲ್ಲಿ ಒಂದು ಬೆಲೆ ಅಂತ ಬಂದದ್ದು ಈ ಪ್ರಾರ್ಥನೆಯಿಂದ.

ಆದರೆ ಎರಡು ವರ್ಷದಿಂದ ಅವಳಿಗೆ ಸಾಕಾಗಿಹೋಗಿತ್ತು. ಕಣ್ಣು ಮುಚ್ಚುತ್ತಿದ್ದಳು, ಬಾಯಿ ತನ್ನ ಪಾಡಿಗೆ ಹೇಳಿಕೊಂಡು ಹೋಗುತ್ತಿತ್ತು, ಮನಸ್ಸು ಮಾತ್ರ ಒಲೆಯ ಮೇಲಿಟ್ಟು ಬಂದ ಅನ್ನ ಸೀದಿತೇನೋ ಎಂದು ಯೋಚಿಸುತ್ತಿತ್ತು. ದೇವರು ಕೇಳಿಸಿಕೊಳ್ಳುತ್ತಾನೆ ಅನ್ನುವ ಭಾವವೇ ಬತ್ತಿಹೋಗಿತ್ತು. ಇದನ್ನು ಯಾರ ಮುಂದೆ ಹೇಳುವುದು? ಹೇಳಿದರೆ ನಾಳೆಯಿಂದ ಅವಳ ಬಾಗಿಲು ತಟ್ಟುವವರು ಯಾರು? ಕರೆದಲ್ಲಿಗೆ ಹೋಗುತ್ತಲೇ ಇದ್ದಳು.

ಹೀಗಿರುವಾಗ ತಾಳೆ ಮರ ಹತ್ತುವ ಕೆಲಸದ ದೇವಿರಕ್ಕಂ ಮರದಿಂದ ಬಿದ್ದು ಸೊಂಟ ಮುರಿದುಕೊಂಡ. ಕಾಲಿಗೆ ಶಕ್ತಿ ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದು ಆಸ್ಪತ್ರೆಯವರು ಮನೆಗೆ ಕಳಿಸಿದರು. ಅವನ ಹೆಂಡತಿ ಕಿರುಬೈ ಎದೆಗೆಡಲಿಲ್ಲ. ಅವಳಿಗೆ ಅತ್ತೆಯಿದ್ದಳಲ್ಲ! ದಿನಾ ಮಧ್ಯಾಹ್ನ ಅತ್ತೆ ಬಂದು ಅವನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವುದು, ಕಿರುಬೈ ತಾಳೆಬೆಲ್ಲದ ಕಾಫಿ ಕೊಡುವುದು, ದೇವಿರಕ್ಕಂ ಮಲಗಿದಲ್ಲಿಂದಲೇ ಕಾಲೆಳೆಯುವುದು.

“ಅತ್ತೆ, ಇವತ್ತು ಸ್ವಲ್ಪ ಬೇಗ ಮುಗಿಸಿ. ನಿನ್ನೆ ನೀವು ಕಣ್ಣು ಬಿಡೋಷ್ಟರಲ್ಲಿ ನಂದು ಎರಡು ನಿದ್ದೆ ಆಗಿತ್ತು.”

“ಬಾಯಿ ಮುಚ್ಚೋ. ಮರದಿಂದ ಬಿದ್ರೂ ನಿನ್ನ ಕೊಬ್ಬು ಇಳಿದಿಲ್ಲ.”

ಹತ್ತೊಂಬತ್ತನೆಯ ದಿನ ಅತ್ತೆ ಒಳಗೆ ಕಾಲಿಟ್ಟರೆ ಗೋಡೆಯ ಮೇಲೆ ಅವಳದೇ ಫೋಟೋ! ಚರ್ಚಿನ ನೂರನೇ ವರ್ಷದ ಹಬ್ಬದಲ್ಲಿ ತೆಗೆದ ಗುಂಪಿನ ಫೋಟೋದಿಂದ ಅವಳೊಬ್ಬಳನ್ನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಮಲ್ಲಿಗೆ ಹಾರ ಹಾಕಿ, ಕೆಳಗೊಂದು ಕೆಂಪು ಬಲ್ಬು ಹೊತ್ತಿಸಿದ್ದಳು ಕಿರುಬೈ. ಶಿಲುಬೆ ಪಕ್ಕದಲ್ಲಿತ್ತು, ಒಂದು ಗೇಣು ಕೆಳಗೆ.

“ಅಯ್ಯೋ, ನಾನಿನ್ನೂ ಸತ್ತಿಲ್ಲ ಕಣೇ!”

“ಬಿಡ್ತು ಅನ್ನಿ ಅತ್ತೆ. ಬೆಳಿಗ್ಗೆ ಎದ್ದು ನಿಮ್ಮ ಮುಖ ನೋಡಿ ಕೈ ಮುಗಿದ್ರೆ ನಂಗೊಂದು ಧೈರ್ಯ. ನಂಗೆಲ್ಲಿ ಪ್ರಾರ್ಥನೆ ಬರುತ್ತೆ? ನೀವು ಹೇಳಿದ್ರೆ ಆತ ಕೇಳ್ತಾನೆ.”

ಮುತ್ತಜ್ಜನ ಕಾಲದಲ್ಲಿ ಕುಲದೇವರನ್ನು ಬಿಟ್ಟು, ನೆಂಟರಿಷ್ಟರ ಬೈಗುಳ ತಿಂದು ಚರ್ಚಿಗೆ ಬಂದ ಮನೆ ಅದು. ಆ ಮನೆಯ ಗೋಡೆ ಮೇಲೆ ಈಗ ತಾನು. ಅತ್ತೆಗೆ ಸಿಟ್ಟು ಬರಬೇಕಿತ್ತು. ಬಂದದ್ದು ಖುಷಿ. ಫೋಟೋ ಚೆನ್ನಾಗಿ ಬಂದಿದೆ, ಸೀರೆಯ ಅಂಚು ಕೂಡ ಕಾಣುತ್ತದೆ ಎಂದುಕೊಂಡಳು. ಸ್ವಲ್ಪ ವಾಲಿದೆ ಅನ್ನಿಸಿ, ಕೈಯೆತ್ತಿ ನೇರ ಮಾಡಿದಳು.

ಎತ್ತಿದ ಕೈ ಅಲ್ಲೇ ನಿಂತಿತು. ಥೂ, ಇದೇನಾಗಿಹೋದೆ ನಾನು!

ಫೋಟೋ ಇಳಿಸಿದಳು. ಹಾರ ತೆಗೆದು ಪಕ್ಕಕ್ಕಿಟ್ಟಳು. ಮಂಚದ ಪಕ್ಕ ನೆಲದ ಮೇಲೆ ಕುಸಿದು ಕೂತಳು.

“ಕಿರುಬೈ, ಕೇಳಿಲ್ಲಿ. ಈ ಹತ್ತೊಂಬತ್ತು ದಿನ ನಾನು ನಿನ್ನ ಗಂಡನಿಗೆ ಪ್ರಾರ್ಥನೆ ಮಾಡಿಲ್ಲ. ಬಾಯಿ ಆಡಿಸಿದೆ, ಅಷ್ಟೆ. ಎರಡು ವರ್ಷದಿಂದ ಯಾರಿಗೂ ಮಾಡಿಲ್ಲ. ನೀವೆಲ್ಲ ಅತ್ತೆ ಅತ್ತೆ ಅಂತ ಬರ್ತೀರಲ್ಲ, ಅದು ಬೇಕಾಗಿತ್ತು ನಂಗೆ. ನೀನು ಇವತ್ತು ಹಾರ ಹಾಕಿದೆ. ನಾನು ಯಾವತ್ತೋ ಹಾಕ್ಕೊಂಡು ಕೂತಿದ್ದೆ.”

ಕಿರುಬೈಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವಳ ಮುಖ ಕೆಂಪಾಯಿತು.

“ಹಾಗಾದ್ರೆ ಇವರ ಕಾಲು? ನಿಮ್ಮೊಬ್ಬರನ್ನ ನಂಬ್ಕೊಂಡಿದ್ನಲ್ಲ! ಹತ್ತೊಂಬತ್ತು ದಿನ! ಎದ್ದು ಹೋಗಿ ಅತ್ತೆ, ನನ್ನ ಕಣ್ಮುಂದೆ ಇರ್ಬೇಡಿ.”

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ, ಇನ್ನು ಯಾರೂ ಕರೆಯುವುದಿಲ್ಲ. ಕರೆಯದಿದ್ದರೆ ಬಿಡಲಿ ಅನ್ನುವಷ್ಟು ಅತ್ತೆ ದಣಿದಿದ್ದಳು. ಸೆರಗು ಸರಿಮಾಡಿಕೊಂಡು ಏಳಲು ಹೊರಟಳು.

“ಅತ್ತೆ, ತಲೆ ಸ್ವಲ್ಪ ಇತ್ತ ಬಗ್ಗಿಸಿ,” ಎಂದ ದೇವಿರಕ್ಕಂ. “ನಂಗೆ ಏಳೋಕಾಗಲ್ಲ ನೋಡಿ.”

ಯಾಕೆಂದು ತಿಳಿಯದೆ ಬಗ್ಗಿದಳು. ಮರ ಹತ್ತಿ ಹತ್ತಿ ಜಡ್ಡುಗಟ್ಟಿದ ಅಂಗೈ ಅವಳ ನರೆತ ತಲೆಯ ಮೇಲೆ ಕೂತಿತು.

“ಅಪ್ಪಾ ದೇವರೇ, ನಿನಗೆ ಸ್ತೋತ್ರ. ಮುಂದೆ ಏನ್ ಹೇಳ್ಬೇಕೋ ಗೊತ್ತಿಲ್ಲ. ನಮ್ಮ ಅತ್ತೆಗೆ ಸುಸ್ತಾಗಿದೆ. ಊರವರಿಗೆಲ್ಲ ಬೇಡಿ ಬೇಡಿ ಸುಸ್ತಾಗಿದೆ. ಇವರಿಗೆ ಅಂತ ನಾವ್ಯಾರೂ ನಿನ್ನ ಒಂದು ಮಾತೂ ಕೇಳ್ಲಿಲ್ಲ, ತಪ್ಪಾಯ್ತು. ಇವರನ್ನ ನೋಡ್ಕೋ. ನನ್ನ ಕಾಲಿನ ವಿಷಯ ಆಮೇಲೆ ಮಾತಾಡೋಣ.”

ಅತ್ತೆ ಕಣ್ಣು ಮುಚ್ಚಿಕೊಂಡೇ ಇದ್ದಳು. ಅವಳಿಗೋಸ್ಕರ ಇನ್ನೊಬ್ಬರು ಪ್ರಾರ್ಥಿಸಿದ್ದನ್ನು ಅವಳು ಇಷ್ಟು ವರ್ಷದಲ್ಲಿ ಕೇಳಿರಲಿಲ್ಲ. ದೇವಿರಕ್ಕಂನ ಎತ್ತಿದ ತೋಳು ನಡುಗುತ್ತಿತ್ತು, ಆದರೂ ಅವನು ಕೈ ತೆಗೆಯಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಕಿರುಬೈ ಸೆರಗಿನಿಂದ ಮೂಗು ಒರೆಸಿಕೊಂಡಳು. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ.

“ಆಮೆನ್ ಅನ್ನಿ ಅತ್ತೆ,” ಎಂದಳು. “ಅವರ ಕೈ ನೋಯುತ್ತೆ.”