ಗೋತ್ರವಿಲ್ಲದ ಗದ್ದಲ

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಕಾಶಿಯಲ್ಲಿ ಅಬ್ಬರದ ರಾಕ್ ಸಂಗೀತದ ಒಂದು ಹಾರ್ಡ್‌ಕೋರ್ ಬ್ಯಾಂಡ್ ಇತ್ತು ಎಂದರೆ ಈಗ ಯಾರೂ ನಂಬುವುದಿಲ್ಲ. ಆಗಲೂ ಯಾರೂ ನಂಬಿರಲಿಲ್ಲ. ನಾವು ಮೂವರು ನಂಬಿದ್ದೆವು, ಅದರಲ್ಲೂ ಡ್ರಮ್ಮಿನವನಿಗೆ ಅರ್ಧ ಅನುಮಾನವಿತ್ತು.

ಹಾಡುತ್ತಿದ್ದವನು ನಾನು. ಹಾಡು ಎನ್ನುವುದು ಮರ್ಯಾದೆಯ ಮಾತು, ಕಿರುಚುತ್ತಿದ್ದೆ. ನಮ್ಮದು ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಪಿಂಡದಾನ ಮಾಡಿಸುವ ಪುರೋಹಿತರ ಮನೆ. ಚಿಕ್ಕಂದಿನಿಂದ ಬೆಳಗಿನ ಜಾವ ಎಬ್ಬಿಸಿ, ಗಂಗೆಯಲ್ಲಿ ಮುಳುಗಿಸಿ, ಮಂತ್ರ ಹೇಳಿಸಿ ಹೇಳಿಸಿ ಅಪ್ಪ ನನಗೊಂದು ಗಂಟಲು ಮಾಡಿಕೊಟ್ಟಿದ್ದರು. ಆ ಗಂಟಲನ್ನು ಅವರ ಮೇಲೆಯೇ ತಿರುಗಿಸುವುದು ನನ್ನ ಕ್ರಾಂತಿಯಾಗಿತ್ತು. ಗಿಟಾರಿನವನು ಬಂಗಾಳಿ ವೈದ್ಯರೊಬ್ಬರ ಮಗ, ತತ್ತ್ವಶಾಸ್ತ್ರದ ವಿದ್ಯಾರ್ಥಿ. ಅಸ್ಸಿ ಘಾಟಿನ ಗೆಸ್ಟ್‌ಹೌಸೊಂದರಲ್ಲಿ ಯಾರೋ ವಿದೇಶಿ ಬಿಟ್ಟುಹೋದ ಕ್ಯಾಸೆಟ್ಟುಗಳನ್ನು ಕೇಳಿ ಅವನಿಗೆ ವ್ಯವಸ್ಥೆಯ ಮೇಲೆ ಸಿಟ್ಟು ಬಂದಿತ್ತು. ಅದಕ್ಕೆ ಮುಂಚೆ ಅವನ ಸಿಟ್ಟೆಲ್ಲ ಸ್ಕೂಟರ್ ಕೊಡಿಸದ ತಂದೆಯ ಮೇಲಿತ್ತು. ಡ್ರಮ್ಮಿನವನು ಮದುವೆ ಮೆರವಣಿಗೆಯ ಬ್ಯಾಂಡ್‌ಬಾಜಾದಲ್ಲಿ ಬಾರಿಸುವವನು. ಅವನಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಮದುವೆಗಳಿಲ್ಲದ ತಿಂಗಳುಗಳಲ್ಲಿ ಕೈ ಜಡವಾಗಬಾರದೆಂದು ಬರುತ್ತಿದ್ದ.

ಬ್ಯಾಂಡಿಗೊಂದು ಇಂಗ್ಲಿಷ್ ಹೆಸರಿತ್ತು. ಪೋಸ್ಟರಿನಲ್ಲಿ ಅದರ ಸ್ಪೆಲಿಂಗನ್ನು ನಾವೇ ತಪ್ಪು ಬರೆದು, ಆಮೇಲೆ ಬೇಕೆಂದೇ ಮಾಡಿದ್ದು ಎಂದು ಹೇಳಿಕೊಂಡು ತಿರುಗಿದೆವು.

ಮೊದಲ ಕಾಲದಲ್ಲಿ ನಮ್ಮ ಲಕ್ಷಣವೇ ವೇಗ. ಯಾವ ಹಾಡೂ ಒಂದು ನಿಮಿಷ ದಾಟುತ್ತಿರಲಿಲ್ಲ. ಯಾವಾಗ ಬೇಕಾದರೂ ಕರೆಂಟು ಹೋಗುವ ಊರಿನಲ್ಲಿ ಅದು ವಿವೇಕವೂ ಆಗಿತ್ತು. ಆಂಪ್ಲಿಫೈಯರ್ ಇರಲಿಲ್ಲ, ಪೂಜೆಯ ಪೆಂಡಾಲಿಗೆ ಬಾಡಿಗೆ ಕೊಡುವ ಮೈಕ್‌ಸೆಟ್ಟಿಗೆ ಗಿಟಾರ್ ಸಿಕ್ಕಿಸುತ್ತಿದ್ದೆವು. ಅದರ ಸ್ಪೀಕರಿನ ಹಾಳೆ ಹರಿದಿತ್ತು. ಕ್ಯಾಸೆಟ್ಟಿನ ಗಿಟಾರುಗಳು ಅಷ್ಟು ಕರ್ಕಶವಾಗಲು ಬೇರೆಯದೇ ಪೆಟ್ಟಿಗೆ ಬೇಕಂತೆ. ನಮ್ಮದು ಹುಟ್ಟು ಕರ್ಕಶ.

ಅಭ್ಯಾಸ ನಮ್ಮ ಮನೆಯ ಕೆಳಗಿನ ಸಾಮಾನು ಕೋಣೆಯಲ್ಲಿ, ಅಪ್ಪ ಘಾಟಿಗೆ ಹೋದ ಹೊತ್ತಿನಲ್ಲಿ. ಮೇಲಿನ ಕೋಣೆಯಲ್ಲಿ ಹಾಸನದ ಕಡೆಯ ಒಬ್ಬ ಅಜ್ಜಿ ಇದ್ದರು, ಗಂಡ ತೀರಿಕೊಂಡ ಮೇಲೆ ಕಾಶಿಯಲ್ಲೇ ಪ್ರಾಣ ಬಿಡಲೆಂದು ಬಂದವರು. ತೊಂದರೆಯಾಗುತ್ತಿದೆಯೇ ಎಂದು ಅಮ್ಮ ಹೋಗಿ ಕೇಳಿದಾಗ ಅಜ್ಜಿ, "ಇರ್ಲಿ ಬಿಡವ್ವ. ಇದುನ್ನ ಕೇಳಿದ್ಮೇಲೆ ಯಮದೂತ್ರ ಗದ್ಲ ನಂಗೇನೂ ಅನ್ಸಾಕಿಲ್ಲ" ಎಂದರಂತೆ. ನಮ್ಮ ಬಗ್ಗೆ ಬಂದ ಮೊದಲ ವಿಮರ್ಶೆ ಅದು.

ಮೊದಲ ಪ್ರದರ್ಶನ ಒಂದು ಹಾಸ್ಟೆಲಿನ ವಾರ್ಷಿಕೋತ್ಸವದಲ್ಲಿ, ಗಜಲಿಗೂ ಮಿಮಿಕ್ರಿಗೂ ನಡುವೆ. ನಾವು ಶುರುಮಾಡಿದ ಸ್ವಲ್ಪ ಹೊತ್ತಿಗೇ ಮೈಕ್‌ಸೆಟ್ಟಿನವನು ಓಡಿಬಂದು, ಯಂತ್ರ ಕೆಟ್ಟಿದೆಯೆಂದು ಸ್ವಿಚ್ ಆರಿಸಿದ. ಆಗ ಸಭೆ ಚಪ್ಪಾಳೆ ತಟ್ಟಿತು. ನಿರೂಪಕ ಅಡಚಣೆಗಾಗಿ ಕ್ಷಮೆ ಕೇಳಿ ಮಿಮಿಕ್ರಿಯವನನ್ನು ಕರೆದ. ಸಮಾಜ ಇನ್ನೂ ಸಿದ್ಧವಾಗಿಲ್ಲ ಎಂದು ಗಿಟಾರಿನವನು ರಿಕ್ಷಾದಲ್ಲಿ ಮನೆ ಮುಟ್ಟುವವರೆಗೂ ಹೇಳುತ್ತಿದ್ದ.

ಚಳಿಗಾಲ ಬಂತು, ಮದುವೆಗಳು ಶುರುವಾದವು, ಡ್ರಮ್ಮಿನವನು ನಾಪತ್ತೆಯಾದ. ತಾಳವಿಲ್ಲದೆ ವೇಗವಾಗಿ ನುಡಿಸಲು ನಮಗೆ ಬರುತ್ತಿರಲಿಲ್ಲ, ಹಾಗಾಗಿ ನಿಧಾನವಾದೆವು. ಗಿಟಾರಿನವನು ಒಂದು ತಂತಿ ಮೀಟಿ ಅದು ಪೂರ್ತಿ ಅಡಗುವವರೆಗೆ ಕಾಯುತ್ತಿದ್ದ. ನನಗೆ ಗೊತ್ತಿದ್ದ ಇಂಗ್ಲಿಷ್ ಬೈಗುಳಗಳು ಅಷ್ಟು ಉದ್ದದ ಹಾಡಿಗೆ ಸಾಲಲಿಲ್ಲ. ಬಾಯಿಗೆ ಬಂದದ್ದು ಪಿಂಡದಾನದ ಮಂತ್ರ. ಅದನ್ನೇ ಗಂಟಲ ತಳದಿಂದ ಗೊರಗೊರ ಎಳೆದೆ. ಅಸ್ಸಿಯ ಅದೇ ಗೆಸ್ಟ್‌ಹೌಸಿನ ತಾರಸಿಯಲ್ಲಿ ಹೀಗೆ ನುಡಿಸಿದಾಗ, ಕೇಳುತ್ತಿದ್ದ ವಿದೇಶಿಯರು ಕಣ್ಣು ಮುಚ್ಚಿದರು. ಒಬ್ಬಳು ಅತ್ತಳು. ಕೊರಳ ತುಂಬ ರುದ್ರಾಕ್ಷಿ ಹಾಕಿಕೊಂಡಿದ್ದವನೊಬ್ಬ, ಇದು ಪ್ರಯೋಗಶೀಲ ಸಂಗೀತ ಎಂದು ತೀರ್ಪು ಕೊಟ್ಟ. ಡ್ರಮ್ಮಿನವನು ಕೈಕೊಟ್ಟದ್ದಕ್ಕೆ ಇಷ್ಟು ದೊಡ್ಡ ಹೆಸರಿದೆಯೆಂದು ನಮಗೆ ಗೊತ್ತಿರಲಿಲ್ಲ.

ಅಪ್ಪನಿಗೆ ಸುದ್ದಿ ಮುಟ್ಟಿಸಿದವರು ದಾವಣಗೆರೆಯಿಂದ ಶ್ರಾದ್ಧಕ್ಕೆ ಬಂದಿದ್ದ ಯಜಮಾನರು. ಅಸ್ಸಿಯಲ್ಲಿ ಚಹಾ ಕುಡಿಯುತ್ತಿದ್ದಾಗ ಮೇಲಿನಿಂದ ನನ್ನ ದನಿ ಕೇಳಿ, ನಿಮ್ಮ ಮಗ ಬಿಳಿಯರಿಗೂ ಪಿಂಡ ಹಾಕಿಸುತ್ತಾನೆಯೇ ಎಂದು ವಿಚಾರಿಸಿದ್ದರು. ನಾನು ಬೈಗುಳಕ್ಕೆ ಸಿದ್ಧನಾದೆ. ಅಲ್ಲಿ ಮಾಡುವುದೇನೆಂದು ಅಪ್ಪ ಕೇಳಿದಾಗ, ಪ್ರಯೋಗ ಎಂದೆ. ಪುರೋಹಿತರ ಮಾತಿನಲ್ಲಿ ಪ್ರಯೋಗ ಎಂದರೆ ಕರ್ಮ ಮಾಡಿಸುವ ಕ್ರಮ. ಅಪ್ಪನ ಮುಖ ಸ್ವಲ್ಪ ಅರಳಿತು. ಮುಂದಿನ ಸಲ ತಾವೂ ಬಂದು ನೋಡುವುದಾಗಿ ಹೇಳಿದರು.

ಬಂದೇ ಬಂದರು. ಮಧ್ಯಾಹ್ನದ ಮಂದ ಬಿಸಿಲಿನಲ್ಲಿ ಶಾಲು ಹೊದ್ದು, ಗಾಂಜಾ ಸೇದುತ್ತಿದ್ದ ಇಬ್ಬರ ನಡುವೆ ಮುಂದಿನ ಸಾಲಿನಲ್ಲಿ ಕುಳಿತರು. ನಾನು ಶುರುಮಾಡಿ ಅರ್ಧಕ್ಕೆ ಬಂದಿದ್ದೆ. ಅಪ್ಪ ಕೈಯೆತ್ತಿ, ದಿನವೂ ಪಾಠದಲ್ಲಿ ತಿದ್ದುವ ದನಿಯಲ್ಲೇ, "ಗೋತ್ರ ಬಿಟ್ಟೆ" ಎಂದರು.

ನಾನು ನಿಲ್ಲಿಸಿದೆ.

"ಯಾರ ಹೆಸ್ರಲ್ಲಿ ಹೇಳ್ತಿದೀಯ? ಸತ್ತೋರು ಯಾರು?"

ಅವರು ಕೇಳಿದ್ದೇನೆಂದು ಗಿಟಾರಿನವನಿಗೆ ಹಿಂದಿಯಲ್ಲಿ ಹೇಳಿದೆ. ಅವನು ತುಂಬ ಗಂಭೀರವಾಗಿ, ಸತ್ತಿರುವುದು ಸಮಾಜ ಎಂದು ಅಪ್ಪನಿಗೆ ವಿವರಿಸಿದ.

ಅಪ್ಪ ತಲೆದೂಗಿದರು. "ಠೀಕ್ ಹೈ ಬೇಟಾ. ಉಸ್ಕಾ ಗೋತ್ರ ಕ್ಯಾ ಹೈ?"

ಸಮಾಜದ ಗೋತ್ರ ಯಾವುದೆಂದು ತತ್ತ್ವಶಾಸ್ತ್ರದ ತರಗತಿಯಲ್ಲಿ ಹೇಳಿಕೊಟ್ಟಿರಲಿಲ್ಲ. ವಿದೇಶಿಯರು ಇದೆಲ್ಲ ಪ್ರದರ್ಶನದ ಭಾಗವೆಂದು ತಿಳಿದು ಜೋರಾಗಿ ಚಪ್ಪಾಳೆ ತಟ್ಟಿದರು. ರುದ್ರಾಕ್ಷಿಯವನು ಅಪ್ಪನ ಕಾಲಿಗೆ ಬಿದ್ದು, ವಾರವಾರವೂ ಬರಬೇಕೆಂದು ಬೇಡಿಕೊಂಡ. ಅಪ್ಪ ಅವನಿಗೆ ಆಶೀರ್ವಾದ ಮಾಡಿ, ಮೆಟ್ಟಿಲಿಳಿಯುವ ಮುಂಚೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಕಂಠ ಚೆನ್ನಾಗಿದೆ. ಹೆಣ ಇಲ್ದೆ ಅಳೋದು ಎಲ್ಲಿ ಕಲ್ತೆ?"

ಹೊಡೆದಿದ್ದರೆ ವಾಸಿಯಿತ್ತು. ಆಮೇಲೆ ತಾರಸಿಯಲ್ಲಿ ಎಷ್ಟು ಪ್ರಯತ್ನಿಸಿದರೂ ಆ ಮಂತ್ರ ಗಂಟಲು ದಾಟಿ ಬರಲಿಲ್ಲ. ಅಪ್ಪ ಎದುರಿಗೆ ಕುಳಿತು ಹೆಸರು, ಗೋತ್ರ ಕೇಳುತ್ತಿದ್ದಾರೆ ಅನ್ನಿಸುತ್ತಿತ್ತು.

ಗಿಟಾರಿನವನು ಎದೆಗುಂದಲಿಲ್ಲ. ಅದೇ ನಮ್ಮ ಮೂರನೆಯ ಘಟ್ಟ ಎಂದು ಸಾರಿ ಒಂದು ಸಿತಾರ್ ತಂದ. ನನಗೆ ನಡುನಡುವೆ ಓಂ ಎನ್ನುವ ಕೆಲಸ ಉಳಿಯಿತು. ಕಂಟೋನ್ಮೆಂಟಿನ ದೊಡ್ಡ ಹೋಟೆಲೊಂದರಲ್ಲಿ ಪ್ರವಾಸಿಗರು ಊಟ ಮಾಡುವಾಗ ನುಡಿಸಲು ಕರೆ ಬಂತು. ಅಲ್ಲಿಯ ಮ್ಯಾನೇಜರ್ ಬಂದು, ಅತಿಥಿಗಳು ಸೂಪ್ ಕುಡಿಯುತ್ತಿದ್ದಾರೆ, ಸ್ವಲ್ಪ ಮೆತ್ತಗೆ ಎಂದ. ಜಗತ್ತಿನ ಕಿವಿ ಹರಿಯಲು ಹೊರಟಿದ್ದ ನಾವು ಮೆತ್ತಗೆ ನುಡಿಸಿದೆವು. ಇನ್ನೂ ಮೆತ್ತಗೆ ಎಂದ. ಹಾಗೇ ಮಾಡಿದೆವು. ಬ್ಯಾಂಡ್ ಮುಗಿದದ್ದು ಅಲ್ಲಿ, ಚಮಚಗಳ ಸದ್ದು ನಮಗಿಂತ ಜೋರಾದಾಗ. ಗಿಟಾರಿನವನು ಮುಂದೆ ರುದ್ರಾಕ್ಷಿಯವನ ಜೊತೆ ಅವನ ದೇಶಕ್ಕೆ ಹೋದ. ಈಗ ಅಲ್ಲಿಯ ಜನಕ್ಕೆ ಉಸಿರಾಡುವುದನ್ನು ಕಲಿಸುತ್ತಾನಂತೆ. ಅಲ್ಲಿಯವರೆಗೆ ಅವರೆಲ್ಲ ಹೇಗೆ ಬದುಕಿದ್ದರೋ.

ಅವನು ಹೊರಡುವ ಮುಂಚೆ ಡ್ರಮ್ಮಿನವನ ಮದುವೆಯಾಯಿತು. ಸಂಜೆಯ ಮೆರವಣಿಗೆಯಲ್ಲಿ ಅವನದೇ ತಂಡ, ಅವನ ಜಾಗದಲ್ಲಿ ಅವನ ಚಿಕ್ಕಪ್ಪ. ಕುದುರೆಯ ಮೇಲೆ ಕುಳಿತ ಮದುಮಗ ಆ ಸೋತ ಪೆಟ್ಟುಗಳನ್ನು ಒಂದು ಚೌಕದಿಂದ ಇನ್ನೊಂದು ಚೌಕದವರೆಗೆ ಸಹಿಸಿದ. ಆಮೇಲೆ ಬಾಸಿಂಗದ ಸಮೇತ ಇಳಿದು, ಡ್ರಮ್ ಕಿತ್ತುಕೊಂಡು ಬಾರಿಸತೊಡಗಿದ. ಅವನ ವೇಗಕ್ಕೆ ಕಹಳೆಯವರು ಹಿಂದೆ ಬಿದ್ದರು. ನನಗೆ ತಡೆಯಲಾಗಲಿಲ್ಲ, ಬಾಯಿಗೆ ಬಂದದ್ದನ್ನೆಲ್ಲ ಕಿರುಚಿದೆ. ಗಿಟಾರಿನವನು ಬರಿಗೈಯಲ್ಲಿ ಹುಚ್ಚನಂತೆ ಕುಣಿದ. ಬೀದಿಗೆ ಬೀದಿಯೇ ಕುಣಿಯಿತು. ಇದು ಯಾವ ಪಿಕ್ಚರಿನ ಹಾಡೆಂದು ಹೆಣ್ಣಿನ ಕಡೆಯ ಮುದುಕರೊಬ್ಬರು ಕೇಳಿದರು. ಇನ್ನೂ ಬಿಡುಗಡೆಯಾಗಿಲ್ಲ ಎಂದೆ.

ಮರುದಿನ ನನ್ನ ದನಿ ಪೂರ್ತಿ ಬಿದ್ದುಹೋಗಿತ್ತು. ಊರಿನಿಂದ ಬಂದ ಕುಟುಂಬವೊಂದಕ್ಕೆ ಅಪ್ಪ ಒಬ್ಬರೇ ಎಲ್ಲ ಮಂತ್ರ ಹೇಳಿದರು. ನಾನು ಎಳ್ಳು, ದರ್ಭೆ ಎತ್ತಿಕೊಡುತ್ತ ಪಕ್ಕದಲ್ಲಿ ಕುಳಿತಿದ್ದೆ. ಕರ್ಮ ಮುಗಿದ ಮೇಲೆ ಆ ಮನೆಯ ಹಿರಿಯ ಹೆಂಗಸು, "ಎಷ್ಟು ಸಾಧು ನಿಮ್ಮ ಮಗ, ಬಾಯೇ ಬಿಡಲ್ವಲ್ಲ" ಎಂದು ಅಪ್ಪನ ಎದುರು ನನ್ನನ್ನು ಹೊಗಳಿದರು.

ಅಪ್ಪ ಅಲ್ಲಗಳೆಯಲಿಲ್ಲ.