ಪಕ್ಕದ ಮಂಚದ ನರ್ಸಬಾಯಿ

ಅವರ ಎದೆಯ ಮೇಲೆ ಗಡಿಯಾರ ತಲೆಕೆಳಗಾಗಿ ತೂಗುತ್ತಿತ್ತು. ಕೈಗಡಿಯಾರದ ಪಟ್ಟಿ ಕಿತ್ತು, ಸೆರಗಿಗೆ ಪಿನ್ನು ಚುಚ್ಚಿ ಜೋತುಬಿಟ್ಟಿದ್ದರು. ಎದುರಿನವರಿಗೆ ಉಲ್ಟಾ ಕಾಣುವುದು, ಅವರು ತಲೆ ಬಗ್ಗಿಸಿದರೆ ಸೀದಾ. ಔರಾದ ಕಡೆ ಮೂವತ್ತು ವರ್ಷ ನರ್ಸ್ ಆಗಿದ್ದವರು. ಕೆಲಸ ಬಿಟ್ಟು ಎಷ್ಟೋ ಕಾಲವಾಗಿ, ಕೈ ನಡುಗುವ ಬೇನೆ ಹತ್ತಿ ತಾವೇ ಮಂಚ ಹಿಡಿದ ಮೇಲೂ ಆ ಗಡಿಯಾರ ಸೆರಗಿನಿಂದ ಇಳಿಯಲಿಲ್ಲ. ಎಲ್ಲರೂ ಅವರನ್ನು ನರ್ಸಬಾಯಿ ಎನ್ನುತ್ತಿದ್ದರು. ನನಗೆ ಅವರು ಪಕ್ಕದ ಮಂಚದವರು.

ನಾನು ಹಲಬರ್ಗಾದ ಸಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಕಲಿತವಳು. ಬರೆಯುವ ರೂಢಿಯಿಲ್ಲ. ಆದರೆ ಹೋದ ವಾರ ನನ್ನ ಮೊಮ್ಮಗಳನ್ನು ಈ ಆರೈಕೆ ಮನೆಯ ಹೆಂಗಸರ ವಾರ್ಡಿಗೆಲ್ಲ ಇಂಚಾರ್ಜ್ ಮಾಡಿದ್ದಾರೆ. ಖುಷಿ ನನ್ನ ಹೊಟ್ಟೆಯಲ್ಲಿ ಹಿಡಿಯಲೊಲ್ಲದು. ಮಗನಿಗೆ ಹೇಳಿ ಪೇಢೆ ತರಿಸಿ ಮಂಚ ಮಂಚಕ್ಕೂ ಹಂಚಿದೆ. ಸಕ್ಕರೆ ಬೇನೆಯವರಿಗೂ ಕೊಟ್ಟೆನೆಂದು ಬೈಸಿಕೊಂಡೆ, ಅದೂ ಮೊಮ್ಮಗಳಿಂದಲೇ. ಬೈದರೂ ಖುಷಿಯೇ. ಅದನ್ನೇ ಬರೆಯೋಣವೆಂದು ಕೂತರೆ ಮೊಮ್ಮಗಳನ್ನು ಸರಿಸಿ ನರ್ಸಬಾಯಿಯೇ ಮುಂದೆ ಬಂದು ಕೂಡುತ್ತಾರೆ. ಇದ್ದಾಗಲೂ ಹೀಗೇ ಮಾಡುತ್ತಿದ್ದರು.

ನೌಬಾದದ ಈ ಮನೆಗೆ ನಾನು ಬಂದದ್ದು ತೊಡೆಯ ಎಲುಬು ಮುರಿದು ಆಪರೇಶನ್ ಆದ ಮೇಲೆ. ಮಗನ ಮನೆ ಚಿದ್ರಿಯಲ್ಲಿ, ಅಂಗಡಿಯ ಮೇಲಿನ ಮಾಳಿಗೆ. ಆ ಮೆಟ್ಟಿಲು ನನ್ನಿಂದ ಆಗದು. ಮೊಮ್ಮಗಳು ನರ್ಸಿಂಗ್ ಮುಗಿಸಿ ಆಗಲೇ ಇಲ್ಲಿ ಕೆಲಸಕ್ಕೆ ಸೇರಿದ್ದಳು. "ಆಯಿ, ನನ್ನ ಕಣ್ಣ ಮುಂದ ಇರು," ಎಂದಳು. ಅಜ್ಜಿಗೆ ನಮ್ಮಲ್ಲಿ ಆಯಿ ಎನ್ನುತ್ತಾರೆ. ಅರಮನೆಗೆ ಹೊರಟವಳಂತೆ ಹೊರಟು ಬಂದೆ. ಬಂದು ನೋಡಿದರೆ ಪಕ್ಕದ ಮಂಚದಲ್ಲಿ ರಾಣಿಯೊಬ್ಬರು ಮೊದಲೇ ಕೂತಿದ್ದರು.

ನರ್ಸಬಾಯಿಗೆ ಒಂದು ಚಟ. ಏನೂ ಬೇಕಿಲ್ಲದೆ ಮಂಚದ ಬೆಲ್ ಒತ್ತುವರು. ಹುಡುಗಿಯರು ಓಡಿ ಬಂದರೆ ಗಡಿಯಾರ ನೋಡಿ, ಎಷ್ಟು ನಿಮಿಷ ಹಿಡಿಯಿತೆಂದು ಹೇಳಿ, ಇನ್ನು ಹೋಗಿರೆಂದು ಕಳಿಸುವರು. ಮೇಲಿನವರು ಪರಿಶೀಲನೆಗೆ ಬರುತ್ತಾರೆಂದು ಒಂದು ಸಲ ಬಚ್ಚಲಿಗೆ ಜಾರದ ರಬ್ಬರ್ ಚಾಪೆ ಹಾಸಿದ್ದರು. ಬಂದ ಸಾಹೇಬರು ಹೊಗಳುತ್ತಿದ್ದರೆ ಇವರು ಮಲಗಿದಲ್ಲಿಂದಲೇ, ಚಾಪೆ ಇವತ್ತು ಮುಂಜಾನೆ ಬಂದದ್ದು, ನಾಳೆಯೂ ಇರುತ್ತದೋ ಇಲ್ಲವೋ ನೋಡಲು ನಾಳೆ ಬನ್ನಿ ಎಂದರು. ಮ್ಯಾನೇಜರರ ಮುಖ ಸಣ್ಣದಾಯಿತು. ಚಾಪೆ ಮಾತ್ರ ಆಮೇಲೆ ಯಾರೂ ತೆಗೆಯಲಿಲ್ಲ.

ಇದನ್ನೆಲ್ಲ ಸಹಿಸಿದೆ. ಸಹಿಸಲಾಗದ್ದು, ನನ್ನ ಮೊಮ್ಮಗಳು ಅವರ ಮಂಚದ ತುದಿಗೆ ಕೂತು ಕೆಲಸ ಕಲಿಯುತ್ತಿದ್ದದ್ದು. ಏಳಲಾಗದವರನ್ನು ಎರಡು ತಾಸಿಗೊಮ್ಮೆ ಹೇಗೆ ಮಗ್ಗುಲು ಮಾಡಬೇಕು, ಬೆನ್ನಿನ ಚರ್ಮ ಹುಣ್ಣಾಗುವ ಮೊದಲು ಯಾವ ಬಣ್ಣಕ್ಕೆ ತಿರುಗುತ್ತದೆ, ಇದೇ ಮಾತು. ನನ್ನ ಮಂಚಕ್ಕೂ ತುದಿಯಿತ್ತು. ಅಲ್ಲಿ ಕೂಡಲು ಅವಳಿಗೆ ಪುರುಸೊತ್ತಿರಲಿಲ್ಲ.

ಒಂದು ದಿನ ಗುಳಿಗೆ ಹಿಡಿದು ನನ್ನೆದುರು ನಿಂತಳು. "ನಿಮ್ಮ ಹೆಸರು ಹೇಳ್ರಿ."

ಇವಳನ್ನು ಕಂಕುಳಲ್ಲಿ ಹೊತ್ತು ಊರು ತಿರುಗಿದವಳು ನಾನು. "ನಿಮ್ಮಪ್ಪನ್ನ ಹಡದಾಕಿ ಅಂತ ಬರ್ಕೋ," ಎಂದೆ. ಅವಳು ನಗಲಿಲ್ಲ. ಹೆಸರು ಹೇಳುವವರೆಗೆ ಗುಳಿಗೆ ಕೈಗೆ ಕೊಡಲಿಲ್ಲ.

ಪಕ್ಕದ ಮಂಚದಿಂದ ನರ್ಸಬಾಯಿ ಹೇಳಿದರು: "ತಪ್ಪು ಗುಳಿಗಿ ಹೋಗೋದು ಗುರ್ತಿನವ್ರಿಗೇ, ಅಕ್ಕಾ. ಗುರ್ತಿಲ್ಲದವ್ರಿಗಿ ನಾವು ಕೇಳೇ ಕೊಡ್ತೇವ್ರಿ."

ಆ ಮಾತು ಸರಿಯಾಗಿತ್ತು. ಸರಿಯಾಗಿದ್ದುದಕ್ಕೇ ಹೊಟ್ಟೆ ಇನ್ನಷ್ಟು ಉರಿಯಿತು.

ನಮ್ಮ ನಿಜವಾದ ಜಗಳ ಬಚ್ಚಲಿನ ದಾರದ್ದು. ಅಲ್ಲಿ ಯಾರಾದರೂ ಬಿದ್ದರೆ ಎಳೆದು ಕರೆಯಲೆಂದು ಗೋಡೆಯ ಬೆಲ್‌ಗೆ ಒಂದು ಕೆಂಪು ದಾರ ಕಟ್ಟಿದ್ದರು. ಅದು ನೆಲದವರೆಗೂ ಇಳಿಬಿದ್ದಿತ್ತು. ನಾನು ದಿನಾ ಮಿಂದು ಲಿಂಗಪೂಜೆ ಮಾಡಿಕೊಳ್ಳುವವಳು. ಪಾಯಖಾನೆಯ ನೀರಲ್ಲಿ ತೊಯ್ದ ಆ ದಾರದ ತುದಿ ಮಿಂದ ಕಾಲಿಗೆ ತಾಗಿದರೆ ಮೈಯೆಲ್ಲ ಹೇಸುವುದು. ಅದನ್ನು ಎತ್ತಿ ಮೇಲಿನ ಕೊಕ್ಕೆಗೆ ಗಂಟು ಹಾಕಿ ಬರುತ್ತಿದ್ದೆ. ನರ್ಸಬಾಯಿ ಹೋಗಿ ನಡುಗುವ ಬೆರಳುಗಳಲ್ಲಿ ಬಿಚ್ಚಿ ಬರುತ್ತಿದ್ದರು.

"ಬಿದ್ದಾಕಿ ನೆಲದ ಮ್ಯಾಲ ಇರ್ತಾಳ್ರಿ, ಅಕ್ಕಾ. ದಾರ ಅಕಿ ಕೈಗಿ ಸಿಗಬೇಕು," ಎಂದರು.

ಮೈಲಿಗೆಯಾಗುತ್ತದೆ ಎಂದೆ.

"ಬಸವಣ್ಣನ ಮಂದಿಗಿ ಮೈಲಿಗಿ ಎಲ್ಲಿಂದ ಬಂತ್ರಿ?" ಎಂದು ನಕ್ಕರು. ಅವರ ಮಂಚದ ತುದಿಗೆ ಕೂತಿದ್ದ ಮೊಮ್ಮಗಳೂ ನಕ್ಕಳು. ಅವರು ನಕ್ಕದ್ದನ್ನು ನುಂಗಿಕೊಳ್ಳುತ್ತಿದ್ದೆನೇನೋ. ಇವಳು ನಕ್ಕದ್ದು ಇಳಿಯಲಿಲ್ಲ.

ಮರುದಿನ ಮಿಂದು ಬರುವಾಗ ದಾರವನ್ನು ಕೊಕ್ಕೆಗೆ ಸುತ್ತಿ ಸುತ್ತಿ ಎರಡು ಬಿಗಿ ಗಂಟು ಹಾಕಿದೆ. ಈ ಸಲ ಮೈಲಿಗೆಗಲ್ಲ. ಆ ಬೆರಳುಗಳು ಹೇಗೆ ಬಿಚ್ಚುತ್ತವೋ ನೋಡೋಣವೆಂದು.

ಆ ಮುಂಜಾನೆ ಮೊಮ್ಮಗಳು ತಾನಾಗಿಯೇ ನನ್ನನ್ನು ಅಂಗಳಕ್ಕೆ ಕರೆದೊಯ್ದು, ಬಿಸಿಲಿಗೆ ಕೂಡಿಸಿ, ತಲೆಗೆ ಎಣ್ಣೆ ಹಚ್ಚಿ ಹೆರಳು ಹಾಕಿದಳು. ಎಷ್ಟು ತಿಂಗಳಿಗೆ ಸಿಕ್ಕ ಸುಖವೋ ಅದು. ಅವಳ ಸಣ್ಣಂದಿನ ಮಾತು ತೆಗೆದು, ಹೆರಳು ಸಡಿಲಾಯಿತೆಂದು ಮತ್ತೆ ಬಿಚ್ಚಿಸಿ, ಬೇಕೆಂದೇ ತಡ ಮಾಡಿದೆ. ಅಷ್ಟೂ ಹೊತ್ತು ನರ್ಸಬಾಯಿ ಬಚ್ಚಲ ನೆಲದ ಮೇಲೆ ಬಿದ್ದಿದ್ದರು. ನನ್ನ ಗಂಟು ಬಿಚ್ಚಲು ಕೈ ಎತ್ತಿದಾಗ ಆಯ ತಪ್ಪಿತ್ತು. ಕಸ ಗುಡಿಸುವವಳು ಬಾಗಿಲು ದೂಡಿ ನೋಡಿದಾಗ ಅವರು ಬಿದ್ದಲ್ಲೇ ಗಡಿಯಾರ ನೋಡಿಕೊಂಡು, "ಇಪ್ಪತ್ತೆರಡು ನಿಮಿಷ," ಎಂದರಂತೆ.

ಭುಜದ ಎಲುಬು ಸೀಳುಬಿಟ್ಟಿತ್ತು. ದವಾಖಾನೆಗೆ ಹೋಗಿ ಪಟ್ಟಿ ಕಟ್ಟಿಸಿಕೊಂಡು ಸಂಜೆಗೆ ಮಂಚಕ್ಕೆ ಬಂದರು. ಅವರ ಹಿಂದೆಯೇ ಮ್ಯಾನೇಜರ್ ಬಂದು ನನ್ನ ಮೊಮ್ಮಗಳನ್ನು ಎಲ್ಲರೆದುರು ನಿಲ್ಲಿಸಿದರು. ದಾರ ಸರಿಯಿದೆ ಎಂದು ಮುಂಜಾನೆಯ ತಪಾಸಣೆ ಹಾಳೆಯಲ್ಲಿ ಅವಳ ಸಹಿಯಿತ್ತು. ನೋಡದೆ ಸಹಿ ಹಾಕುವವರಿಗೆ ಇಲ್ಲಿ ಕೆಲಸವಿಲ್ಲ ಎಂದರು. ಅವಳು ನೋಡಿಯೇ ಹಾಕಿದ್ದಳು. ಗಂಟು ಬಿದ್ದದ್ದು ಆಮೇಲೆ. ಅದು ಯಾರ ಗಂಟೆಂದು ಅವಳಿಗೂ ಗೊತ್ತಿತ್ತು. ಆದರೂ ನನ್ನ ಕಡೆ ನೋಡಲಿಲ್ಲ, ಹೆಸರೆತ್ತಲಿಲ್ಲ, ನೆಲ ನೋಡುತ್ತ ನಿಂತಳು. ಮ್ಯಾನೇಜರ್ ನರ್ಸಬಾಯಿಯ ಕಡೆ ತಿರುಗಿ, ಕಟ್ಟಿದ್ದು ಯಾರೆಂದು ನೀವಾದರೂ ಹೇಳಿ ಎಂದರು.

"ಯಾರು ಕಟ್ಟಿದ್ರು ಅಂತ ಕೇಳಿದ್ರ ಒಬ್ಬಾಕಿ ಮನಿಗಿ ಹೋಗ್ತಾಳ, ದಾರ ಮತ್ತ ಮ್ಯಾಲ ಹೋಗ್ತದ," ಎಂದರು ಅವರು. "ಯಾಕ ಕಟ್ಟಿದ್ರು ಅಂತ ಕೇಳ್ರಿ, ಸಾಹೇಬ್ರ."

ಆ ಮಾತು ನನಗೆ ಧೈರ್ಯ ಕೊಟ್ಟಿತೋ, ಇಲ್ಲೂ ಇವರೇ ದೊಡ್ಡವರಾದರಲ್ಲ ಎಂಬ ಸಂಕಟವೇ ಎಬ್ಬಿಸಿತೋ, ವಾಕರ್ ಹಿಡಿದು ಎದ್ದು ನಿಂತೆ. ನಾನೇ ಕಟ್ಟಿದವಳು, ಮೊಮ್ಮಗಳು ನೋಡಿ ಹೋದ ಮೇಲೆ ಕಟ್ಟಿದೆ, ತುದಿ ಹೊಲಸು ನೀರಲ್ಲಿ ಬೀಳುತ್ತದೆ ಎಂದೆ. ಅದು ಅರ್ಧ ನಿಜ. ಉಳಿದರ್ಧವನ್ನು ನರ್ಸಬಾಯಿಯ ಮುಖ ನೋಡಿ ಹೇಳಿದೆ: "ನನಗ ನಿಮ್ಮ ಮ್ಯಾಲ ಹೊಟ್ಟಿಕಿಚ್ಚಿತ್ತು."

ಇದನ್ನು ಯಾವ ಕಾಲಮಿನಲ್ಲಿ ಬರೆಯುವುದೆಂದು ತಿಳಿಯದೆ ಮ್ಯಾನೇಜರ್ ಹಾಳೆಯ ಮೇಲೆ ಪೆನ್ನು ಆಡಿಸಿದರು. ನರ್ಸಬಾಯಿ ಮಾತ್ರ, ಅದೂ ಒಂದು ಕಾರಣವೇ, ಬರೆದುಕೊಳ್ಳಿ ಎಂದರು.

ಆ ವಾರವೇ ದಾರ ಹೋಗಿ ತೊಳೆಯಲು ಬರುವ ಪ್ಲಾಸ್ಟಿಕ್ ಸರಪಳಿ ಬಂತು. ತುದಿಗೆ ಹಿಡಿದೆಳೆಯಲು ಬಳೆ, ನೆಲಕ್ಕಿಂತ ಒಂದು ಗೇಣು ಮೇಲೆ, ದಿನಕ್ಕೆ ಎರಡು ಸಲ ಒರೆಸುವುದು. ಮೊಮ್ಮಗಳ ಕೆಲಸ ಉಳಿಯಿತು. ಆದರೆ ನನ್ನ ಜೊತೆ ಮಾತು ಬಿಟ್ಟಳು. ಗುಳಿಗೆ ಕೊಡುವಾಗ ಹೆಸರು ಕೇಳುವಳು, ಅಷ್ಟೇ. ನಾನು ಹೇಳುವೆ. ನಾಲ್ಕು ದಿನ ಹೀಗೆ ಹೋಯಿತು. ಇನ್ನು ಅವಳು ಪೂರ್ತಿ ಆ ಮಂಚದವಳೇ ಆದಳೆಂದು ತಿಳಿದೆ. ಐದನೆಯ ದಿನ ನರ್ಸಬಾಯಿ ಅವಳಿಗೆ ಹೇಳಿದ್ದು ಕೇಳಿಸಿತು.

"ನನ್ನ ಭುಜ ನಾ ನೋಡ್ಕೋತೇನಿ. ನೀ ಹೋಗು, ನಿಮ್ಮ ಆಯಿಗಿ ಹೆರಳು ಹಾಕು."

ಬಂದಳು. ಬಾಚಣಿಗೆಯನ್ನು ಜೋರಾಗಿಯೇ ಎಳೆದಳು. ನಾನು ತಲೆ ಹಿಂದಕ್ಕೆ ಕೊಟ್ಟು ಕೂತೆ.

ಆಮೇಲೆ ಎರಡು ಚಳಿಗಾಲ ನಾವಿಬ್ಬರೂ ಅದೇ ಖೋಲಿಯಲ್ಲಿ ಕಳೆದೆವು. ಅವರ ಕೈ ತೀರಾ ನಡುಗತೊಡಗಿದಾಗ ಚಹಾದ ಕಪ್ಪು ನಾನು ಹಿಡಿಯುತ್ತಿದ್ದೆ. ಒಮ್ಮೆಲೇ ಕುಡಿಸಬಾರದು, ಗುಟುಕು ಇಳಿದದ್ದನ್ನು ಗಂಟಲಲ್ಲಿ ನೋಡಿ ಮುಂದಿನದು ಕೊಡಬೇಕೆಂದು ಅವರೇ ಕಲಿಸಿದರು. ಮೊಮ್ಮಗಳು ಕಪ್ಪಿಗೆ ಕೈ ಹಾಕಿದರೆ, ನೀನು ಬೇರೆ ಮಂಚ ನೋಡು, ಇದು ನನ್ನ ಕೆಲಸ ಎನ್ನುತ್ತಿದ್ದೆ. ನರ್ಸಬಾಯಿ ನನ್ನನ್ನೂ ಅವಳನ್ನೂ ನೋಡಿ ಒಳಗೊಳಗೇ ನಗುತ್ತಿದ್ದರು.

ಎದೆಯಲ್ಲಿ ಕಫ ಕಟ್ಟಿ ಮೂರು ದಿನ ಮಲಗಿದರು. ಮೂರನೆಯ ಮಧ್ಯಾಹ್ನ ತೀರಿಕೊಂಡರು. ಭಾಲ್ಕಿಯಿಂದ ಅವರ ತಮ್ಮನ ಮಕ್ಕಳು ಬಂದು ಒಯ್ದರು. ಹಾಸಿಗೆ ತೆಗೆದ ಬರಿ ಮಂಚದ ತುದಿಗೆ ನನ್ನ ಮೊಮ್ಮಗಳು ಕೂತು ಬಿಕ್ಕಿ ಬಿಕ್ಕಿ ಅತ್ತಳು. ನಾನು ಸತ್ತರೆ ಇವಳು ಇಷ್ಟು ಅಳುವಳೇ ಎಂದು ಮೊದಲು ಅನಿಸಿದ್ದು ನಿಜ. ಸುಳ್ಳು ಯಾಕೆ ಬರೆಯಲಿ. ಆದರೆ ಅದರ ಹಿಂದೆಯೇ ಬೇರೊಂದು ಉರಿ ಎದ್ದಿತು. ಇವಳು ಡ್ಯೂಟಿ ಮುಗಿಸಿ ಮನೆಗೆ ಹೋಗುವವಳು. ಅವರ ಪಕ್ಕದಲ್ಲಿ ಮಲಗಿ ಎದ್ದವಳು ನಾನು, ಚಹಾ ಕುಡಿಸಿದವಳು ನಾನು. ನನಗಿಂತ ಹೆಚ್ಚು ಅಳಲು ಇವಳು ಯಾರು?

ವಾಕರ್ ಸರಿಸಿ ಅವಳ ಪಕ್ಕದಲ್ಲಿ ಕೂತೆ. ಕೂತು ಅವಳಿಗಿಂತ ಜೋರಾಗಿ ಅತ್ತೆ.