ಪ್ರಶ್ನೆ ಕೇಳಿ ಅಂದೆ, ಕೇಳಿಯೇಬಿಟ್ಟಳು

ಕೊರಳಲ್ಲಿ ಹಾರ ಹಾಕಿಕೊಂಡು ಸಿಕ್ಕಿಬಿದ್ದ ಅನುಭವ ನಿಮಗಿದೆಯೇ? ನನಗೆ ಹೋದ ತಿಂಗಳು ನರಗುಂದದಲ್ಲಿ ಆಯಿತು.

ಅಲ್ಲಿನ ಒಂದು ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷದವರ ಬೀಳ್ಕೊಡುಗೆ. ನಾನು ಮುಖ್ಯ ಅತಿಥಿ. ಸೈಬರ್ ಕೆಫೆಯಲ್ಲಿ ಒಂದು ತಾಸು ಕುಳಿತು, ಅಮೆರಿಕದ ಪದವಿ ಪ್ರದಾನ ಭಾಷಣಗಳನ್ನೆಲ್ಲ ಪ್ರಿಂಟ್ ತೆಗೆಸಿಕೊಂಡು ಹೋಗಿದ್ದೆ. ಎಲ್ಲರದೂ ಒಂದೇ ಉಪದೇಶ. ಕನಸು ಕಾಣಿ, ಸೋಲಿಗೆ ಹೆದರಬೇಡಿ. (ಹೇಳಿದವರೆಲ್ಲ ಗೆದ್ದವರೇ ಎಂಬುದು ಬೇರೆ ಮಾತು.) ಅದನ್ನೇ ಮುಕ್ಕಾಲು ತಾಸು ಕೊರೆದೆ. ಕೊನೆಗೆ ಸ್ವಂತದ್ದೂ ಒಂದು ಇರಲಿ ಎಂದು ಗುಡುಗಿದೆ: "ಯಾರಿಗೂ ಅಂಜಬೇಡಿ. ಪ್ರಶ್ನೆ ಕೇಳಿ!"

ಚಪ್ಪಾಳೆಯೋ ಚಪ್ಪಾಳೆ.

ವಂದನಾರ್ಪಣೆಗೆ ಶಾಹೀನಾ ಎಂಬ ಹುಡುಗಿ ಬಂದಳು. ಹೊಳೆಆಲೂರಿನಿಂದ ದಿನಾ ಬಸ್ಸಿನಲ್ಲಿ ಓಡಾಡುವವಳು; ಅಪ್ಪ ಗಾದಿ ಹೊಲಿಯುತ್ತಾರಂತೆ. ಎಲ್ಲರಿಗೂ ವಂದಿಸಿ, ಚೀಟಿ ಮಡಚಿ, ಪ್ರಿನ್ಸಿಪಾಲರತ್ತ ತಿರುಗಿದಳು.

"ಸರ್, ಹುಡುಗ್ಯಾರ ಟಾಯ್ಲೆಟ್ಟಿಗೆ ಮೂರು ವರ್ಷದಿಂದ ಕೀಲಿ ಯಾಕ ಹಾಕೀರ್ರಿ? ನಾವು ದಿನಾ ಮುಂಜಾನಿಂದ ನೀರು ಕುಡಿಯೂದ ಬಿಟ್ಟೀವ್ರಿ."

ಪ್ರಿನ್ಸಿಪಾಲರು ನನ್ನನ್ನು ನೋಡಿದರು. ನಾನೇನು ಮಾಡಿದೆ? ಬಾಟಲಿ ಎತ್ತಿ ನೀರು ಕುಡಿದೆ! (ನಾಚಿಕೆ ಆಮೇಲೆ ಬಂತು.)

ಅವಳು ಮೈಕ್ ಬಿಡಲಿಲ್ಲ. ಈ ಸಲ ತಿರುಗಿದ್ದು ನನ್ನತ್ತ.

"ಸರ್, ನೀವು ಹೇಳಿದಂಗ ಕೇಳೀನ್ರಿ. ಉತ್ತರ ಬರಲಿಲ್ಲಂದ್ರ ಏನ್ ಮಾಡಬೇಕ್ರಿ? ಅದನ್ನ ಹೇಳಲೇ ಇಲ್ಲ ನೀವು."

ಅಮೆರಿಕದ ಯಾವ ಭಾಷಣದಲ್ಲೂ ಅದಿರಲಿಲ್ಲ. ಬೇರೆ ದಾರಿಯಿಲ್ಲದೆ ನಾನೂ ಕೇಳಿದೆ, "ಯಾಕ್ರಿ ಸರ್, ಕೀಲಿ?"

"ಇನ್‌ಸ್ಪೆಕ್ಷನ್ನಿಗೆ ಬರ್ತಾರಲ್ರಿ, ಅದಕ್ಕ ಸ್ವಚ್ಛ ಇಟ್ಟೀವಿ," ಎಂದರು ಪ್ರಿನ್ಸಿಪಾಲರು ಮೆಲ್ಲಗೆ. ಶಾಹೀನಾ ಅವರತ್ತ ಚಾಚಿದ್ದ ಮೈಕ್ ಆನ್ ಇತ್ತು.

ಹಿಂದಿನ ಸಾಲಿನ ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕಳು. ಆಮೇಲೆ ಇಡೀ ಹಾಲ್ ನಕ್ಕಿತು. ಶಾಹೀನಾ ಮಾತ್ರ ನಗಲಿಲ್ಲ. "ಇವತ್ತ ತೆಗಸ್ರಿ ಸರ್. ನಮಗಂತೂ ಕಾಲೇಜ್ ಮುಗೀತು. ಸಣ್ಣವ್ರು ಇನ್ನೂ ಅದಾರ್ರಿ," ಎಂದಳು.

ತೆಗೆಸಿದರು. ನಾವು ಫೋಟೋಕ್ಕೆ ನಿಲ್ಲುವ ಮೊದಲೇ ಪ್ಯೂನ್ ಹೋಗಿ ಬೀಗ ತೆರೆದ. ಊಟಕ್ಕೆ ಪ್ರಿನ್ಸಿಪಾಲರು ನನ್ನಿಂದ ನಾಲ್ಕೆಲೆ ದೂರ ಕುಳಿತರು.

ನಿನ್ನೆ ರೋಣದ ಇನ್ನೊಂದು ಕಾಲೇಜಿನಿಂದ ಫೋನ್ ಬಂತು. "ನಮ್ಮಲ್ಲೂ ಬೀಳ್ಕೊಡುಗೆ ಐತ್ರಿ ಸರ್, ಖರೇನ ಬರಬೇಕು ನೀವು. ಹಾರ, ಶಾಲು, ಊಟ ಎಲ್ಲಾ ಐತಿ. ಭಾಷಣ ಒಂದ ಬ್ಯಾಡ್ರಿ."

ಉಪದೇಶ ಮಾಡಿದವನಿಗೆ ಇದಕ್ಕಿಂತ ದೊಡ್ಡ ಸನ್ಮಾನ ಇದೆಯೇ?